ಕಿಟಕಿ ಮುಚ್ಚಿ ಹೇಳಿದ ಹೆಸರು

ಮೊದಲೇ ಒಂದು ಸುಳ್ಳನ್ನು ಒಪ್ಪಿಕೊಂಡುಬಿಡುತ್ತೇನೆ. ನಮ್ಮ ಮನೆಯಲ್ಲಿ ಜಪಸರ ಇರುವ ದಿನ ಸಂಜೆ ಐದೂವರೆಗೇ ರಸ್ತೆ ಕಡೆಯ ಕಿಟಕಿ ಮುಚ್ಚಿ ಚಿಲಕ ಹಾಕುತ್ತೇನೆ. ಬಂದವರು ಸೆರಗಿನಲ್ಲಿ ಬೆವರು ಒರೆಸಿಕೊಳ್ಳುತ್ತಾ ಯಾಕೆಂದು ಕೇಳಿದರೆ, “ಸೊಳ್ಳೆ ಕಣ್ರೀ” ಅನ್ನುತ್ತೇನೆ. ಲಗ್ಗೆರೆಯಲ್ಲಿ, ಅದರಲ್ಲೂ ಮೋರಿ ಪಕ್ಕದ ಬೀದಿಯಲ್ಲಿ, ಈ ಮಾತಿಗೆ ಯಾರೂ ಸಾಕ್ಷಿ ಕೇಳುವುದಿಲ್ಲ.

ನಿಜ ಏನೆಂದರೆ ನನಗೆ ಹೆದರಿಕೆ. ನಮ್ಮ ಬೀದಿಯಲ್ಲಿ ನಾವು ಹತ್ತು ಹನ್ನೆರಡು ಕ್ರೈಸ್ತ ಮನೆಯವರು ತಿಂಗಳಿಗೊಂದು ಸಂಜೆ, ಸರದಿಯಂತೆ ಒಬ್ಬೊಬ್ಬರ ಮನೆಯಲ್ಲಿ ಸೇರಿ ಮಣಿ ಎಣಿಸುತ್ತಾ ಜಪಸರ ಹೇಳುತ್ತೇವೆ. ಇಷ್ಟು ವರ್ಷದಲ್ಲಿ ಯಾರೂ ಬಾಗಿಲು ಬಡಿದು ಗದರಿಸಿಲ್ಲ. ಇದನ್ನು ನಾನು ದಿನಾ ಎಣಿಸುವ ಕೃಪೆಗಳ ಪಟ್ಟಿಯಲ್ಲಿ, ಕಾವೇರಿ ನೀರು ಬಂದದ್ದರ ಪಕ್ಕದಲ್ಲೇ ಇಟ್ಟಿದ್ದೇನೆ. ಆದರೆ ಫೋನಿನಲ್ಲಿ ಬರುವ ವಿಡಿಯೊಗಳಿವೆಯಲ್ಲ! ಎಲ್ಲೋ ಯಾರದೋ ಮನೆಗೆ ನಾಲ್ಕು ಜನ ನುಗ್ಗಿ, “ಏನ್ ನಡೀತಿದೆ ಇಲ್ಲಿ?” ಅನ್ನುತ್ತಾರೆ. ಆ ಮನೆಯ ಹೆಂಗಸು ಕೈಯಲ್ಲಿ ಜಪಸರ ಹಿಡಿದು ಗೋಡೆಗೆ ಒತ್ತಿಕೊಳ್ಳುತ್ತಾಳೆ. ನೋಡಿದ ಮೇಲೆ ನನ್ನ ಬೆನ್ನಿಗೂ ಗೋಡೆಯ ತಣುಪು ತಾಗುತ್ತದೆ.

ಅದೂ ಅಲ್ಲದೆ ನಾವಿರುವುದು ಬಾಡಿಗೆ ಮನೆ. ಕೆಳಗೆ ಓನರಮ್ಮ, ಮೇಲೆ ನಾವು. ಹನ್ನೊಂದು ತಿಂಗಳ ಕರಾರು ಮುಗಿಯಲು ಇನ್ನೊಂದೇ ತಿಂಗಳು. ಹೋದ ಸಲ ನಮ್ಮ ಮನೆಯಲ್ಲಿ ನಡೆದ ಜಪಸರದ ಮಾರನೆಯ ದಿನ ಓನರಮ್ಮ ಮೆಟ್ಟಿಲ ಬುಡದಲ್ಲಿ ನಿಲ್ಲಿಸಿ, “ಅಲ್ಲ ಕಣಮ್ಮ, ಅಷ್ಟೊಂದ್ ಜನ ಸೇರ್ಕೊಂಡು ಅದೇನ್ ಓದ್ತೀರಿ? ಕೇಳ್ತಾವ್ರೆ ಜನ” ಅಂದಿದ್ದರು. ಯಾವ ಜನ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ. ಆ ಜನಕ್ಕೆ ಮುಖ ಇಲ್ಲದ್ದರಿಂದ ಅವರು ಆ ವಾರವೆಲ್ಲ ನನ್ನ ಕನಸಿಗೆ ಬೇರೆ ಬೇರೆ ಮುಖ ಹಾಕಿಕೊಂಡು ಬಂದರು.

ಜಪಸರದ ಕೊನೆಗೆ ಐದು ಬಿನ್ನಹ ಓದುವುದು ನಮ್ಮಲ್ಲಿ ಪದ್ಧತಿ. ಮನೆಯೊಡತಿ ತನ್ನ ಕೈಯಾರೆ ಬರೆದು ಓದಬೇಕು. ಒಂದೊಂದಕ್ಕೂ ಉಳಿದವರು “ಪ್ರಭುವೇ, ನಮ್ಮ ಮೊರೆಯನ್ನು ಆಲಿಸಿರಿ” ಅನ್ನಬೇಕು. ಧರ್ಮಸಭೆಗೆ, ದೇಶಕ್ಕೆ, ಕಾಯಿಲೆಯವರಿಗೆ, ತೀರಿಕೊಂಡವರಿಗೆ ಎಂದು ನಾಲ್ಕು ಮೊದಲೇ ಗೊತ್ತುಮಾಡಿದವು. ಐದನೆಯದು ಮನೆಯೊಡತಿಯ ಇಷ್ಟ.

ಇದರಲ್ಲಿ ಮುಖ್ಯವಾದದ್ದು ಹೆಸರು. ಒಮ್ಮೆ ನಾನು “ಬೆನ್ನುನೋವಿನಿಂದ ನರಳುವ ಸಹೋದರರಿಗಾಗಿ” ಎಂದಷ್ಟೇ ಓದಿದ್ದಕ್ಕೆ ನಮ್ಮ ಯಜಮಾನರು ಮೂರು ದಿನ ಮುಖ ಊದಿಸಿಕೊಂಡಿದ್ದರು. ಪೀಣ್ಯದಲ್ಲಿ ಇಪ್ಪತ್ತು ವರ್ಷ ಲೇತ್ ಮುಂದೆ ನಿಂತು ಸಂಪಾದಿಸಿದ ಬೆನ್ನುನೋವು ಅದು. “ಊರಲ್ಲಿ ಬೆನ್ನುನೋವಿರೋನು ನಾನೊಬ್ನೇನಾ? ದೇವ್ರು ಯಾರ್ದು ಅಂತ ವಾಸಿ ಮಾಡ್ಬೇಕು?” ಅಂದರು. ಅಂದಿನಿಂದ ಇನಿಷಿಯಲ್ ಸಮೇತ ‘ಎ. ಚಿನ್ನಪ್ಪ’ ಎಂದು ಓದುತ್ತಿದ್ದೇನೆ. ಬೆನ್ನುನೋವು ಹೋಗಿಲ್ಲ. ಸಿಡುಕು ಹೋಗಿದೆ, ಅದನ್ನೂ ಪಟ್ಟಿಗೆ ಸೇರಿಸಿದ್ದೇನೆ.

ಹೋದ ತಿಂಗಳ ಒಂದು ಭಾನುವಾರ ಫಾದರ್ ಪ್ರಸಂಗದಲ್ಲಿ ಪ್ಯಾಲೆಸ್ತೀನಿನ ಜನರ ವಿಷಯ ಎತ್ತಿದರು. ಯೇಸು ಹುಟ್ಟಿದ ಬೆತ್ಲೆಹೇಮಿನಲ್ಲಿ ಇವತ್ತಿಗೂ ಜನ ಇದ್ದಾರೆ, ಅವರೂ ಪ್ಯಾಲೆಸ್ತೀನಿನವರೇ, ಅವರಲ್ಲಿ ನಮ್ಮ ಹಾಗೆ ಚರ್ಚಿನ ಪೂಜೆಗೆ ಹೋಗುವವರೂ ಇದ್ದಾರೆ, ಅರಬ್ಬಿಯಲ್ಲಿ ಪ್ರಾರ್ಥಿಸುವ ಅವರು ದೇವರನ್ನು ಅಲ್ಲಾ ಎಂದೇ ಕರೆಯುತ್ತಾರೆ ಅಂದರು. ಅವರ ಊರಿನ ಸುತ್ತ ಬೇರೆಯವರ ಸೈನ್ಯ. ಸ್ವಂತ ಆಲಿವ್ ತೋಟಕ್ಕೆ ಹೋಗಲೂ ಅನುಮತಿ ಚೀಟಿ ತೋರಿಸಬೇಕು.

ನಾನು ಬೆಪ್ಪಾಗಿ ಕೂತೆ. ಐವತ್ತು ವರ್ಷ ಕ್ರಿಸ್‌ಮಸ್ಸಿಗೆ ಬೆತ್ಲೆಹೇಮಿನ ಗೋದಲಿ ಕಟ್ಟಿದವಳು ನಾನು. ತಟ್ಟೆಯಲ್ಲಿ ರಾಗಿ ಮೊಳಕೆ ಹಾಕಿ ಹಸಿರು ಬೆಳೆಸಿ, ಕನ್ನಡಿ ಚೂರಿನಿಂದ ಕೆರೆ ಮಾಡಿ, ಮಣ್ಣಿನ ಕುರುಬರನ್ನು ನಿಲ್ಲಿಸಿ, ಹಬ್ಬ ಮುಗಿದ ಮೇಲೆ ಹಳೇ ಪೇಪರಿನಲ್ಲಿ ಸುತ್ತಿ ಅಟ್ಟಕ್ಕೆ ಹಾಕುತ್ತೇನೆ. ಬೆತ್ಲೆಹೇಮೂ ಹಾಗೇ ಯಾರೋ ಸುತ್ತಿ ಎತ್ತಿಟ್ಟ ಊರು ಎಂದುಕೊಂಡಿದ್ದೆ. ಅಲ್ಲಿ ಈಗಲೂ ಯಾರೋ ಒಬ್ಬಳು ಒಲೆ ಹಚ್ಚುತ್ತಾಳೆ, ಬೂಟಿನ ಸದ್ದಾದರೆ ಬಾಗಿಲ ಕಡೆ ನೋಡುತ್ತಾಳೆ ಎಂದು ಒಮ್ಮೆಯೂ ಹೊಳೆದಿರಲಿಲ್ಲ. ಗೋಡೆಗೆ ಒತ್ತಿಕೊಂಡ ಆ ವಿಡಿಯೊ ಹೆಂಗಸು ನೆನಪಾದಳು. ನನ್ನ ಹೆದರಿಕೆಗೆ ಒಬ್ಬಳು ಅಕ್ಕ ಸಿಕ್ಕಂತಾಯಿತು.

ನಮ್ಮ ಸರದಿ ಬಂದಾಗ ಐದನೆಯ ಬಿನ್ನಹವನ್ನು ಅವರಿಗಾಗಿಯೇ ಬರೆದೆ. ಯಜಮಾನರು ಓದಿ ಕನ್ನಡಕ ತೆಗೆದರು.

“ತಲೆ ಕೆಟ್ಟಿದೆಯೇನೇ? ಕೆಳಗೆ ಕೇಳಿಸಿದ್ರೆ ಏನಂತ ತಿಳ್ಕೋತಾರೆ? ಬೈಬಲ್‌ನಲ್ಲಿ ಇಸ್ರಾಯೇಲ್ ಅಂತಿದೆ, ನೀನು ಇವರ ಹೆಸರು ಹೇಳ್ತೀಯ!”

“ಬೈಬಲ್‌ನಲ್ಲಿರೋ ಹೆಸರೇ ಬೇರೆ, ಇವತ್ತು ಗೇಟಲ್ಲಿ ಬಂದೂಕು ಹಿಡಿದು ನಿಂತಿರೋ ಸರ್ಕಾರನೇ ಬೇರೆ ಅಂತ ಫಾದರ್ ಹೇಳಿದ್ರಲ್ಲ. ಇವರಿಗೆ ನ್ಯಾಯ ಕೇಳಿದ್ರೆ ಅವರ ಮಕ್ಕಳಿಗೆ ಶಾಪ ಹಾಕಿದ ಹಾಗಾ?”

“ಹೆಸರ್ಯಾಕೆ ಹೇಳ್ಬೇಕು ಅಂತೀನಿ. ದೇವರಿಗೆ ಗೊತ್ತಿಲ್ವಾ?”

“ನಿಮ್ಮ ಬೆನ್ನೂ ದೇವರಿಗೆ ಗೊತ್ತಿತ್ತು.”

ಮಾತಲ್ಲಿ ಗೆದ್ದೆ. ಆದರೆ ಅಡುಗೆಮನೆಗೆ ಹೋಗಿ ಒಗ್ಗರಣೆ ಹಾಕುವಷ್ಟರಲ್ಲಿ ಧೈರ್ಯ ಇಳಿದುಹೋಯಿತು. ಹಾಳೆ ತಿರುಗಿಸಿ ಹಿಂಬದಿಯಲ್ಲಿ ಇನ್ನೊಂದು ಬರೆದೆ. ‘ಪ್ಯಾಲೆಸ್ತೀನಿನ’ ಹೋಗಿ ‘ದೂರದೇಶದ’ ಆಯಿತು, ಅದೂ ಹೋಗಿ ‘ಕಷ್ಟದಲ್ಲಿರುವ ಎಲ್ಲರಿಗಾಗಿ’ ಆಯಿತು. ನೆಂಟರು ಹೆಚ್ಚಾದಾಗ ಸಾರಿಗೆ ನೀರು ಸೇರಿಸುವ ಹಾಗೆ. ಯಾರ ಹೊಟ್ಟೆಗೂ ಕೇಡಿಲ್ಲ, ಯಾರ ನಾಲಿಗೆಗೂ ರುಚಿಯಿಲ್ಲ.

ಆ ಸಂಜೆ ಕಿಟಕಿ ಮುಚ್ಚಿದ್ದೆ. ಜಪಸರದ ಮೂರನೆಯ ಹತ್ತು ಮಣಿ ನಡೆಯುತ್ತಿರುವಾಗ ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ಎಂದೂ ಮೇಲೆ ಬರದ ಓನರಮ್ಮ ಬಂದು ಹೊಸ್ತಿಲ ಹೊರಗೆ ಗೋಡೆಗೊರಗಿ ಕೂತರು. ನನ್ನ ಬೆರಳ ನಡುವಿನ ಮಣಿ ಅಲ್ಲೇ ನಿಂತಿತು. ಯಾರು ಕಳಿಸಿರಬಹುದು? ಯಾರಿಗೆ ಹೋಗಿ ಹೇಳಬಹುದು?

ಬಿನ್ನಹದ ಹೊತ್ತಿಗೆ ಹಾಳೆ ಕೈಗೆತ್ತಿಕೊಂಡೆ. ಮೂರನೆಯದರಲ್ಲಿ ‘ಎ. ಚಿನ್ನಪ್ಪ’ ಎಂದಾಗ ನಮ್ಮ ಯಜಮಾನರು ಎಲ್ಲರಿಗಿಂತ ಜೋರಾಗಿ “ಆಲಿಸಿರಿ” ಅಂದರು. ನಾಲ್ಕು ಮುಗಿಯಿತು. ಹಾಳೆ ತಿರುಗಿಸಿ ಹಿಂಬದಿಯದನ್ನು ಶುರುಮಾಡಿದೆ. “ಕಷ್ಟದಲ್ಲಿರುವ...” ಎನ್ನುವಷ್ಟರಲ್ಲಿ, ಹೆಸರು ಹೇಳಿಸಿಕೊಂಡು ತೃಪ್ತರಾಗಿ ಕೂತಿದ್ದ ಯಜಮಾನರ ಮುಖ ಕಣ್ಣಿಗೆ ಬಿತ್ತು. ನಾಚಿಕೆಯಾಯಿತು. ಹಾಳೆಯನ್ನು ಮತ್ತೆ ತಿರುಗಿಸಿದೆ. “ಪ್ಯಾಲೆಸ್ತೀನಿನ ಜನರಿಗಾಗಿ, ಸ್ವಂತ ಹೊಲಕ್ಕೆ ಹೋಗಲು ಚೀಟಿ ತೋರಿಸಬೇಕಾದವರಿಗಾಗಿ, ಅವರಿಗೆ ನ್ಯಾಯವೂ ಎರಡು ಕಡೆಯ ಮಕ್ಕಳಿಗೆ ಶಾಂತಿಯೂ ಸಿಗಲೆಂದು...” ದನಿ ಕುಕ್ಕರಿನ ಕೊನೆಯ ಉಸಿರಿನ ಹಾಗಿತ್ತು. ಎಲ್ಲರೂ ಎಂದಿನಂತೆ ಮೊರೆ ಆಲಿಸಲು ಕೇಳಿಕೊಂಡರು.

ಎಲ್ಲರೂ ಹೋದ ಮೇಲೆ ಓನರಮ್ಮನಿಗೆ ಕಾಫಿ ಕೊಟ್ಟೆ. ಲೋಟ ಕೆಳಗಿಟ್ಟು ಕೇಳಿದರು: “ಅದ್ಯಾವೂರಮ್ಮ? ಒಲಕ್ಕೋಗಕ್ಕೆ ಚೀಟಿ ತೋರಿಸ್ಬೇಕು ಅಂದ್ಯಲ್ಲ?”

“ನಮ್ಮ ಯೇಸುಸ್ವಾಮಿ ಹುಟ್ಟಿದ ಕಡೆಯೋರಮ್ಮ.” ಇನ್ನು ಮನೆ ಖಾಲಿ ಮಾಡಿ ಅಂತಾರೆ ಎಂದು ಕಾದೆ.

“ನಾನು ಮದ್ವೆಯಾಗಿ ಬಂದಾಗ ನಮ್ಗೂ ರಾಗಿ ಒಲ ಇತ್ತು. ಕಾರ್ಖಾನೆಗೆ ಅಂತ ತಕ್ಕೊಂಡು ಕಾಂಪೌಂಡ್ ಆಕ್ಬುಟ್ರು. ಒಳಗೆ ನಮ್ಮತ್ತೆ ನೆಟ್ಟಿದ್ ಉಣಸೆ ಮರ. ಕಾಯಿ ಆಯ್ಕೊಳ್ಳಾಣ ಅಂತ ಓದ್ರೆ ಗೇಟಲ್ಲಿ ದೊಣ್ಣೆ ಇಡ್ಕೊಂಡೋನು ‘ಯಾರಮ್ಮ ನೀನು’ ಅಂದ. ನನ್ನೇ!”

ಎರಡೂ ಒಂದೇ ಅಲ್ಲ, ನನಗೆ ಗೊತ್ತು. ಇವರಿಗೆ ಪರಿಹಾರ ಬಂತು, ಉಳಿದ ಜಾಗದಲ್ಲಿ ಮೂರಂತಸ್ತು ಎದ್ದಿತು, ಯಾರೂ ಗುಂಡು ಹಾರಿಸಲಿಲ್ಲ. ಆದರೂ ಆ “ನನ್ನೇ” ಎನ್ನುವಾಗ ಅವರ ಕಣ್ಣಲ್ಲಿ ಕಂಡದ್ದು ಐವತ್ತು ವರ್ಷ ಹಳೆಯದಾಗಿರಲಿಲ್ಲ.

ಏಳುತ್ತಾ ಮಂಡಿ ಹಿಡಿದುಕೊಂಡರು. “ಮುಂದಿನ್ ಸಲ ಇದಕ್ಕೂ ಒಂದ್ ಮಾತು ಏಳು. ಬರೀ ಓನರಮ್ಮ ಅನ್ಬೇಡ, ಈ ಬೀದೀಲಿ ಓನರಮ್ಮಂದಿರು ಬೇಕಾದಷ್ಟವ್ರೆ. ಅನುಮಕ್ಕ ಅಂತ ಎಸ್ರಿಡ್ದು ಏಳು.”

ಹೆದರಿಕೆ ಹೋಯಿತು ಎಂದುಕೊಂಡಿರಾ? ಇಮ್ಮಡಿಯಾಯಿತು. ಹನುಮಕ್ಕನವರ ಮಂಡಿಗೆ ನಾನು ಯೇಸುವಿನಲ್ಲಿ ಮೊರೆಯಿಟ್ಟೆನೆಂದು ಹೊರಗೆ ಗೊತ್ತಾದರೆ, ಮತಾಂತರ ಅಂದುಬಿಟ್ಟರೆ? ಕರಾರಿನ ಮಾತನ್ನು ಅವರು ಎತ್ತಲಿಲ್ಲ, ನಾನೂ ಎತ್ತಿಲ್ಲ. ಆದರೂ ಬರುವ ತಿಂಗಳ ಜಪಸರಕ್ಕೆ ಬೇರೆಯವರ ಸರದಿಯನ್ನು ಕೇಳಿ ಪಡೆದುಕೊಂಡಿದ್ದೇನೆ. ಹಾಳೆ ಈಗಲೇ ಬರೆದಿಟ್ಟಿದ್ದೇನೆ, ಒಂದೇ ಬದಿಗೆ. ಅದರಲ್ಲಿ ಬೆತ್ಲೆಹೇಮಿನವರೂ ಇದ್ದಾರೆ, ಹನುಮಕ್ಕನೂ ಇದ್ದಾರೆ.

ಅವತ್ತು ಕಿಟಕಿಯ ಒಂದು ಬಾಗಿಲನ್ನು ತೆರೆದಿಡಬೇಕೆಂದಿದ್ದೇನೆ. ಇನ್ನೊಂದು ಮುಚ್ಚಿರಲಿ. ಸೊಳ್ಳೆ ಇರುವುದೂ ಸುಳ್ಳಲ್ಲವಲ್ಲ.