ಕಾಮೆಂಟ್ರಿ ಕಾಕಾನ ರವಿವಾರ

ವೈಶಾಖದ ಬಿಸಿಲಿನಲ್ಲೂ ಅವರ ಕೊರಳಿಗೊಂದು ಉಣ್ಣೆಯ ಮಫ್ಲರ್ ಸುತ್ತಿರುತ್ತಿತ್ತು. ಅದು ಸಡಿಲಾದಾಗ ಕಾಣುತ್ತಿದ್ದ ಗಂಟಲಿನ ಉಬ್ಬು, ಅವರು ಸುಮ್ಮನೆ ಕೂತಿದ್ದಾಗಲೂ ಮೇಲೆ ಕೆಳಗೆ ಆಡುತ್ತಿತ್ತು. ಒಳಗೆಲ್ಲೋ ಒಂದು ಮ್ಯಾಚು ನಡೆದೇ ಇದೆ, ತುಟಿಯವರೆಗೆ ಮಾತ್ರ ಬಂದಿಲ್ಲ ಅನ್ನಿಸುತ್ತಿತ್ತು. ವಿಜಾಪುರದ ಜೋರಾಪುರ ಪೇಟೆಯಲ್ಲಿ ಅವರನ್ನು ಎಲ್ಲರೂ ಕಾಮೆಂಟ್ರಿ ಕಾಕಾ ಎಂದೇ ಕರೆಯುತ್ತಿದ್ದರು.

ಕಾಕಾ ಮುಂಬೈಯ ರೇಡಿಯೋದಲ್ಲಿ ಬಹಳ ವರ್ಷ ಹಾಕಿ ಆಟದ ವೀಕ್ಷಕ ವಿವರಣೆ ಹೇಳಿದವರು. ಗಂಟಲಿನ ಬೇನೆಯಿಂದ ಕೆಲಸ ಬಿಟ್ಟು ಊರಿಗೆ ಮರಳಿದ್ದರು. ದವಡೆಯಲ್ಲಿ ಜ್ಯೇಷ್ಠಮಧುವಿನ ತುಂಡು ಇಟ್ಟುಕೊಂಡು ಸಂಜೆ ಮನೆಯ ಕಟ್ಟೆಯ ಮೇಲೆ ಕೂರುತ್ತಿದ್ದರು. ಕೊಡ ಹೊತ್ತ ಹೆಣ್ಣುಮಗಳೊಬ್ಬಳು ಓಣಿಗೆ ತಿರುಗಿದರೆ ಸಾಕು, ಮೆಲ್ಲಗೆ ಶುರುವಾಗುತ್ತಿತ್ತು: “ಬಂದಳು, ಎಡಕ್ಕ ಹೊಳ್ಳಿದಳು, ಸೈಕಲ್ ತಪ್ಪಿಸಿದಳು, ಒಂದ ಹನಿ ಚೆಲ್ಲಲಿಲ್ಲ!”

“ಸುಮ್ನಿರ್ರಿ ಕಾಕಾ, ನಗಿ ಬಂದು ಕೊಡ ಬೀಳ್ತೈತಿ,” ಎಂದು ಅವಳು ಸೆರಗು ಬಾಯಿಗೆ ಒತ್ತಿಕೊಂಡು ಹೋಗುತ್ತಿದ್ದಳು.

ಅರವತ್ತರ ದಶಕ ಶುರುವಾದ ಹೊತ್ತಿಗೆ ಪೇಟೆಯ ಹಾಕಿ ಆಡುವ ತರುಣರು ಅವರಿಗೆ ಸತ್ಕಾರ ಮಾಡಬೇಕೆಂದು ಹೊರಟರು. ಕಾಕಾ ಕೈ ಮುಗಿದರು. “ಶಾಲ ಹೊಚ್ಚಿದ್ರ ಅಲ್ಲಿಗೆ ಮುಗೀತ್ರೆಪಾ. ಅದರ ಬದ್ಲಿ ವರ್ಷಕ್ಕೊಮ್ಮೆ ನನಗ ಒಂದ ಮ್ಯಾಚ್ ಕೊಡ್ರಿ. ಇಷ್ಟು ವರ್ಷ ಇಂಗ್ಲಿಷ್‌ನ್ಯಾಗ ಹೇಳಿದೆ, ನಮ್ಮೂರ ಮಂದಿಗೆ ಒಂದ ಮಾತೂ ತಿಳೀಲಿಲ್ಲ.”

“ಡಾಕ್ಟರು ಒದರಬ್ಯಾಡ ಅಂದಾರಲ್ರಿ?”

“ಮೈಕ್ ಇರೂವಾಗ ನಾ ಯಾಕ ಒದರ್ಲಿ?”

ಹಾಗೆ ಶುರುವಾಯಿತು ಕಾಕಾನ ದಿನ. ಗಣಪತಿ ಹಬ್ಬ ಮುಗಿದ ಮೇಲಿನ ರವಿವಾರ, ಸೊಲ್ಲಾಪುರ ರಸ್ತೆಯ ಕಡೆಯ ಮೈದಾನದಲ್ಲಿ ತಿಕೋಟಾದವರಿಗೂ ಬಬಲೇಶ್ವರದವರಿಗೂ ಪಂದ್ಯ. ತಿಕೋಟಾದ ಪರವಾಗಿ ಎಡ ಅಂಚಿನಲ್ಲಿ ಓಡುತ್ತಿದ್ದವನು ನಾನು. ನನ್ನ ಹೆಸರು ಮೈಕಿನಲ್ಲಿ ಬಂದಾಗ ಕಾಲಿಗೆ ಗಾಳಿ ಸೇರಿಕೊಂಡಂತಾಗುತ್ತಿತ್ತು. ನಾನು ಓಡುತ್ತಿದ್ದೆನೋ, ಆ ದನಿ ನನ್ನನ್ನು ಓಡಿಸುತ್ತಿತ್ತೋ, ಇವತ್ತಿಗೂ ಹೇಳಲಾರೆ.

ಆಮೇಲೊಂದು ಬೇಸಿಗೆಯಲ್ಲಿ ನಮ್ಮ ಹೊಲದ ಬಾವಿ ಕಡಿಯುವಾಗ ಕಲ್ಲು ಜಾರಿ ನನ್ನ ಎಡಗಾಲಿನ ಮೇಲೆ ಬಿತ್ತು. ಮಿರಜದ ಡಾಕ್ಟರು ಕಾಲು ಉಳಿಸಿಕೊಟ್ಟರು, ಆದರೆ ಮೊಣಕಾಲು ಬಗ್ಗದಾಯಿತು. ನಾನು ಗೆಳೆಯರ ಜೊತೆ ಮಾತು ಬಿಟ್ಟೆ, ಸ್ಟಿಕ್ಕನ್ನು ಅಟ್ಟಕ್ಕೆ ಎಸೆದೆ. ಹಬ್ಬ ಮುಗಿದ ಒಂದು ಮಧ್ಯಾಹ್ನ ಕಾಕಾ ಬಸ್ಸು ಹಿಡಿದು ತಿಕೋಟಾಕ್ಕೆ ಬಂದು ನಮ್ಮ ಪಡಸಾಲೆಯಲ್ಲಿ ಕೂತರು.

“ನಾಳೆ ಮ್ಯಾಚ್ ಐತಿ. ನಡಿ.”

“ನಾ ಬಂದು ಏನ್ ಮಾಡ್ಲಿರಿ ಕಾಕಾ? ಆಡಾಕ ಬರೂದಿಲ್ಲಲ್ಲ.”

“ಆಡಾಕ ಕರ್ಯಾಕ ಬಂದಿಲ್ಲೋ. ನನ್ನ ಬಾಜೂಕ ಕುಂಡ್ರು. ಬರೂ ಬುಧವಾರ ಮಿರಜದಾಗ ಗಂಟಲಾ ಕೊಯ್ಯಾವರದಾರ. ದನಿ ಉಳೀತೈತೋ ಇಲ್ಲೋ ಅವರೂ ಹೇಳವಲ್ರು. ಒಬ್ನ ಕುಂಡ್ರಾಕ ಅಂಜಿಕಿ ಆಗಾಕತ್ತೈತಿ.”

ಅಷ್ಟು ದೊಡ್ಡ ಮನುಷ್ಯ ಅಂಜಿಕೆ ಅಂದದ್ದು ಕೇಳಿ ನನ್ನ ಬಿಗುಮಾನ ಕರಗಿತು. ಅವರ ಜೊತೆಯೇ ಹೊರಟೆ.

ಆ ರಾತ್ರಿ ಮಳೆ ಹೊಡೆಯಿತು. ರವಿವಾರ ಸಂಜೆ ಬಿಸಿಲು ಬಿದ್ದರೂ ಮೈದಾನದ ಕರಿಮಣ್ಣು ಅಂಟಂಟಾಗಿತ್ತು. ಅಲ್ಲಲ್ಲಿ ನಿಂತ ನೀರಿನಲ್ಲಿ ಆಕಾಶದ ತುಂಡುಗಳು ಬಿದ್ದಿದ್ದವು. ಜನ ಮಾತ್ರ ಸೇರಿದ್ದರು, ನಮ್ಮ ತಿಕೋಟಾದ ಹುಡುಗರೂ ಬಂದು ಬೇಲಿಯ ಹತ್ತಿರ ಕೂತಿದ್ದರು. ಬಬಲೇಶ್ವರದ ಹಿರಿಯರು ಕೆಲವರು ಮುಂಜಾನೆಯೇ ಬಂದಿದ್ದರು. ಅಷ್ಟರಲ್ಲಿ ಅರ್ಧ ದಾರಿಯಿಂದ ತಿರುಗಿ ಬಂದ ಬಸ್ಸಿನ ಕಂಡಕ್ಟರ್ ಸುದ್ದಿ ತಂದ: ಸಾರವಾಡದ ಹತ್ತಿರ ಡೋಣಿ ಹೊಳೆ ತುಂಬಿ ಹರಿಯುತ್ತಿದೆ, ಬಬಲೇಶ್ವರದ ಆಟಗಾರರ ಲಾರಿ ಆಚೆ ದಂಡೆಯಲ್ಲೇ ನಿಂತಿದೆ.

“ಮುಂದಿನ ರವಿವಾರ ಇಡೂಣ್ರಿ ಕಾಕಾ,” ಅಂದರು ತರುಣರು. ಬುಧವಾರದ ಮಾತು ಅವರಿಗೆ ಗೊತ್ತಿರಲಿಲ್ಲ.

ಕಾಕಾ ಮಫ್ಲರ್ ಬಿಚ್ಚಿ ಮಡಿಚಿಟ್ಟು, ಮೈಕನ್ನು ಹತ್ತಿರಕ್ಕೆ ಎಳೆದುಕೊಂಡರು.

“ನಮಸ್ಕಾರ್ರಿ. ಎರಡೂ ಕಡಿಯವರು ಮೈದಾನಕ್ಕ ಬಂದಾರ...”

ಜನ ಮೊದಲು ನಕ್ಕರು. ಅವರು ನಿಲ್ಲಿಸಲಿಲ್ಲ. ಡೋಣಿಯ ಆಚೆ ಲಾರಿಯಲ್ಲಿ ಕೂತವರನ್ನೂ ಬೇಲಿಯ ಹತ್ತಿರ ಕೂತ ನಮ್ಮವರನ್ನೂ ಒಬ್ಬೊಬ್ಬರನ್ನಾಗಿ ಹೆಸರು ಹಿಡಿದು ಕರೆದು ತಂದು ಆ ಕೆಸರಿನಲ್ಲಿ ನಿಲ್ಲಿಸಿದರು. ಚೆಂಡು ನೀರು ಚಿಮ್ಮಿಸುತ್ತ ಬಲಕ್ಕೆ ಹೋಯಿತು, ಎಡಕ್ಕೆ ಬಂತು. ನಗು ಯಾವಾಗ ನಿಂತಿತೋ ತಿಳಿಯಲಿಲ್ಲ. ನೋಡಿದರೆ ಬೇಲಿಯುದ್ದಕ್ಕೂ ತಲೆಗಳು ಬಲಕ್ಕೆ, ಎಡಕ್ಕೆ ತಿರುಗುತ್ತಿದ್ದವು. ಖಾಲಿ ಮೈದಾನದ ಮೇಲೆ ಇಳಿಬಿಸಿಲು ಹಳದಿಯಾಗಿ ಹರಡಿತ್ತು, ಅದರಲ್ಲಿ ನನಗೂ ಬಿಳಿ ಅಂಗಿಗಳು ಸುಳಿದಂತೆ ಕಂಡವು. ಸೀಟಿ ಕೊರಳಿಗೆ ಹಾಕಿಕೊಂಡು ಬಂದಿದ್ದ ರೆಫ್ರಿ ಎದ್ದು ಗೆರೆಯ ಹತ್ತಿರ ಹೋಗಿ ನಿಂತಿದ್ದ.

ಆಗ ಕಾಕಾನ ದನಿ ತಗ್ಗಿತು. “ಎಡಗಡೆ ಒಬ್ಬಾಂವ ಕಾಯ್ಕೋತ ನಿಂತಾನ. ಎಲ್ಲಾರೂ ಅವನ್ನ ಮರ್ತಾರ. ಚೆಂಡ ಅವನ ಕಡೆನ ಬರಾಕತ್ತೈತಿ...” ಅವರು ನನ್ನ ಹೆಸರು ಹೇಳಿದರು. “ಮೊಣಕಾಲ ಬಗ್ಗಿಸಿದ. ತಗೊಂಡ. ಓಡಾಕತ್ತಾನ ನೋಡ್ರಿ, ಓಡಾಕತ್ತಾನ! ಒಬ್ಬನ್ನ ದಾಟಿದ, ಇನ್ನೊಬ್ಬನ್ನ ದಾಟಿದ, ಗೋಲಿನ ಮುಂದ...”

ದನಿ ಅಲ್ಲಿಗೆ ಒಡೆಯಿತು. ಬಾಯಿ ಆಡುತ್ತಿತ್ತು, ಬರೀ ಗಾಳಿ ಬರುತ್ತಿತ್ತು. ಕಾಕಾ ಮೈಕನ್ನು ನನ್ನ ಕಡೆ ತಿರುಗಿಸಿ, ಹೇಳು ಎಂದು ಕಣ್ಣಿನಲ್ಲೇ ಅಂದರು.

ಏನು ಹೇಳಲಿ? ಕಾಲು ಮುಂದೆ ಕಟ್ಟಿಗೆಯಂತೆ ಚಾಚಿಕೊಂಡಿತ್ತು. ಕಣ್ಣು ಮುಚ್ಚಿಕೊಂಡೆ. “ಗೋಲ್ಕೀಪರ್ ಮುಂದ ಬಂದ. ನಾ ಚೆಂಡ ಬಲಕ್ಕ ಎಳಕೊಂಡೆ. ಅಂವ ಬಿದ್ದ. ಹೊಡದೆ!” ಎಂದು ಕೂಗಿದೆ.

ರೆಫ್ರಿ ಸೀಟಿ ಊದಿದ. ಜನ ಎದ್ದು ನಿಂತರು. ಆ ಗದ್ದಲದಲ್ಲಿ ಬಬಲೇಶ್ವರದ ಹಿರಿಯರೊಬ್ಬರು ತಲೆಯ ಪಟಗಾ ಬಿಚ್ಚಿ ಕೈಯಲ್ಲಿ ಹಿಡಿದು ರೆಫ್ರಿಯ ಕಡೆ ನಡೆದೇಬಿಟ್ಟರು. “ಆಫ್‌ಸೈಡ್ ಐತ್ರಿ ಅದು! ನಾ ಕಣ್ಣಾರೆ ನೋಡೇನಿ!” ಕಾಕಾ ದನಿಯಿಲ್ಲದೆ ನಗುತ್ತಿದ್ದರು, ಭುಜ ಕುಣಿಯುತ್ತಿತ್ತು, ಕಣ್ಣಲ್ಲಿ ನೀರು. ನಾನೂ ಅಳುತ್ತಿದ್ದೆ. ಕಲ್ಲು ಬಿದ್ದ ದಿನದಿಂದ ಅವತ್ತಿನವರೆಗೆ ನಾನು ಅತ್ತಿರಲಿಲ್ಲ.

ಶಸ್ತ್ರಕ್ರಿಯೆಯ ನಂತರ ಅವರಿಗೆ ಉಳಿದದ್ದು ಪಿಸುಮಾತು. ಮುಂದಿನ ವರ್ಷಗಳಲ್ಲಿ ಕಾಕಾನ ದಿನದ ಮೈಕು ನನ್ನ ಪಾಲಿಗೆ ಬಂತು. ಅವರು ಬಾಜೂಕೆ ಕೂತು ನನ್ನ ಮುಂಗೈ ಹಿಡಿದಿರುತ್ತಿದ್ದರು. ನಾನು ವಿಪರೀತ ಮಾತಾಡಿದರೆ ಬೆರಳು ಬಿಗಿಯಾಗುತ್ತಿತ್ತು. “ಮಂದಿಗೆ ಕಣ್ಣ ಅದಾವು,” ಎನ್ನುತ್ತಿದ್ದರು ಕಿವಿಯ ಹತ್ತಿರ ಬಾಗಿ. “ನೀ ಅವರಿಗಿಂತ ಒಂದ ಉಸುರು ಮುಂದಿರು. ಸಾಕು.” ಮೈಕಿನಲ್ಲಿ ಪಳಗಿದ ನನ್ನ ಆ ದನಿಯಿಂದಲೇ ನನಗೆ ಅನ್ನ ಸಿಕ್ಕಿತು. ಬಸ್ ನಿಲ್ದಾಣದಲ್ಲಿ ಗಾಡಿಗಳ ಹೆಸರು ಕೂಗುವ ಕೆಲಸಕ್ಕೆ ಸೇರಿದೆ, ಮದುವೆಯಾದೆ, ಜೋರಾಪುರ ಪೇಟೆಯಲ್ಲೇ ಮನೆ ಹಿಡಿದೆ.

ಅರವತ್ತರ ದಶಕ ಮುಗಿಯುತ್ತ ಬಂದಾಗ, ಒಂದು ಶ್ರಾವಣದಲ್ಲಿ ಕಾಕಾ ತೀರಿಕೊಂಡರು. ಆ ವರ್ಷ ಮ್ಯಾಚು ಬೇಡ ಎಂದುಕೊಂಡಿದ್ದೆವು. ಅವರ ಹೆಂಡತಿ, ನಾವೆಲ್ಲ ಕಾಕು ಅನ್ನುತ್ತಿದ್ದವರು, ಹೇಳಿ ಕಳಿಸಿದರು: ಆಗಲೇಬೇಕು.

ಮ್ಯಾಚಿನ ದಿನ ಕಾಕು ಮೊದಲ ಸಲ ಮೈದಾನಕ್ಕೆ ಬಂದರು. ಆ ಕಾಲದ ಹೆಣ್ಣುಮಕ್ಕಳು ಅಂಥಲ್ಲಿಗೆ ಬರುತ್ತಿರಲಿಲ್ಲ. ಕಾಕಾನ ಖುರ್ಚಿಯ ಮೇಲೆ ಕೂತು ಸೆರಗು ಸರಿ ಮಾಡಿಕೊಂಡರು.

“ಅವರು ಮುಂಬೈದಾಗ ಮಾತಾಡೂವಾಗ ನಾ ಇಲ್ಲೆ ಅತ್ತಿ ಕೂಡ ಇದ್ದೆ. ಮನ್ಯಾಗ ರೇಡಿಯೋ ಇರಲಿಲ್ಲ. ಅವರ ಆಟದ ಕಾಮೆಂಟ್ರಿ ಒಮ್ಮೆನೂ ಕೇಳಿಲ್ಲಪಾ,” ಅಂದರು. “ನೀ ಅವರಂಗನ ಹೇಳ್ತಿ ಅಂತಾರ ಮಂದಿ. ನನಗ ಆಟಾ ತಿಳ್ಯಂಗಿಲ್ಲ. ಜರಾ ಸಾವಕಾಶ ಹೇಳು.”

ಆಟ ಶುರುವಾಯಿತು. ಮೈದಾನದ ತುಂಬ ಜನರಿದ್ದರು. ನಾನು ಕಾಕು ಒಬ್ಬರಿಗೇ ಹೇಳುತ್ತ ಹೋದೆ.