ಹೊರಗಿನ ಮಾಡದ ಕಪ್ಪು-ಬಸಿ

ಮೊನ್ನೆ ನವನಗರದ ನಮ್ಮ ಮನೆಗೆ ಪರಿಚಯದ ಇಂಜಿನಿಯರರೊಬ್ಬರು ಬಂದಿದ್ದರು, ರಿಟೈರಾದವರು. ಸೊಸೆ ತಂದಿಟ್ಟ ಚಹಾ ಹೀರುತ್ತ, "ಈಗ ನಮ್ಮ ಕಡೆ ಜಾತಿ-ಗೀತಿ ಏನೂ ಉಳದಿಲ್ಲ ಬಿಡ್ರಿ ಅಮ್ಮಾರ. ಪೇಪರಿನವರು ಸುಮ್ಮನ ಕೆದರತಾರ" ಎಂದರು. ಸೊಸೆ ನನ್ನ ಕಡೆ ಕಣ್ಣು ಬಿಟ್ಟಳು. ಬಾಯಿ ತೆರೆಯಬೇಡಿ ಎಂದು ಅದರ ಅರ್ಥ. ಇಂಥ ಮಾತಿಗೆ ನಾನು ವರ್ಷಗಟ್ಟಲೆ ಹೂಂಗುಟ್ಟಿಕೊಂಡೇ ಬಂದವಳು. ಮನೆಗೆ ಬಂದವರ ಮನಸ್ಸು ಯಾಕೆ ಕೆಡಿಸಬೇಕು? ಆದರೆ ಅವರ ಕೈಯಲ್ಲಿದ್ದದ್ದು ನೀಲಿ ಹೂವಿನ ಕಪ್ಪು. ಅದನ್ನು ನೋಡಿ ನನ್ನ ನಾಲಿಗೆ ತಡೆಯಲಿಲ್ಲ. ಅವರಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ, ತುಸು ಕೂತು ಕೇಳಿರಿ.

ನಾನು ಹುಟ್ಟಿ ಬೆಳೆದದ್ದು ಧಾರವಾಡದಲ್ಲಿ, ಹತ್ತಿ ವ್ಯಾಪಾರದ ಮನೆಯಲ್ಲಿ. ಯಜಮಾನಿಕೆ ಅಜ್ಜನದು. ಅಜ್ಜ ಮಾತಿನ ಮನುಷ್ಯ. "ನಾವು ಶರಣರ ಮಂದಿ. ನಮ್ಮಲ್ಲಿ ಮ್ಯಾಲ-ಕೆಳಗ ಅನ್ನೂದ ಇಲ್ಲ" ಎಂದು ಬಂದವರಿಗೆಲ್ಲ ಹೇಳುತ್ತಿದ್ದ, ಹೇಳಿ ಹೇಳಿ ತಾನೇ ನಂಬಿಬಿಟ್ಟಿದ್ದ. ಆದರೆ ತಲಬಾಗಿಲಿನ ಹೊರಗೆ, ಗೋಡೆಯಲ್ಲಿ ಗೂಡಿನಂತೆ ಕೊರೆದ ಮಾಡದಲ್ಲಿ, ಒಂದು ಕಪ್ಪು-ಬಸಿ ಬೋರಲಾಗಿ ಕೂತಿರುತ್ತಿತ್ತು. ಪಿಂಗಾಣಿಯ ಕಪ್ಪು, ಅಡಿಗೊಂದು ತಟ್ಟೆ; ಇಂಜಿನಿಯರರ ಕೈಯಲ್ಲಿದ್ದಂಥದೇ ನೀಲಿ ಹೂವಿನದು. ಒಳಗೆ ಎಲ್ಲವೂ ಹಿತ್ತಾಳೆ, ತಾಮ್ರ. ಹೊರಗಿನ ಆ ಕಪ್ಪು ಯಾರಿಗೆಂದು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಎಲ್ಲರಿಗೂ ಗೊತ್ತಿತ್ತು.

ಅದು ಮಾಸ್ತರರದು. ಅಸ್ಪೃಶ್ಯರೆಂದು ಊರು ದೂರವಿಟ್ಟ ಕೇರಿಯಲ್ಲಿ ಹುಟ್ಟಿ, ಕಲಿತು, ಶಾಲೆಯ ಮಾಸ್ತರರಾದವರು. ಅಜ್ಜನ ಕಣ್ಣಿಗೆ ಪೊರೆ ಬಂದ ಮೇಲೆ ದಿನಾ ಸಂಜೆ ಬಂದು, ಕಟ್ಟೆಯ ಮೇಲೆ ಕೂತು, ಪೇಪರು ಓದಿ ಹೇಳುತ್ತಿದ್ದರು. ಅದು ಯುದ್ಧದ ಕಾಲ. ಇಬ್ಬರೂ ಹಿಟ್ಲರನನ್ನು ನಮ್ಮ ಕಟ್ಟೆಯ ಮೇಲೆಯೇ ಎಷ್ಟೋ ಸಲ ಸೋಲಿಸಿದ್ದರು. ಚಹಾ ಆದ ಮೇಲೆ ಮಾಸ್ತರರು ಎದ್ದು, ಹೊರಗಿನ ಕಲ್ಲುದೋಣಿಯ ನೀರಿನಲ್ಲಿ ಕಪ್ಪು ತೊಳೆದು, ಮಾಡದಲ್ಲಿ ಬೋರಲು ಹಾಕಿ ಹೋಗುತ್ತಿದ್ದರು. ಅಜ್ಜನಿಗೆ ಮಾಸ್ತರರೆಂದರೆ ಪ್ರಾಣ. ಅದೂ ಖರೆ, ಇದೂ ಖರೆ.

ಹೀಗಿರುವಾಗ ನನ್ನನ್ನು ನೋಡಲು ಅಮ್ಮಿನಬಾವಿಯಿಂದ ಗಂಡಿನ ತಂದೆ, ಗೌಡರು, ಬಂದರು. ಗಂಡನ್ನು ನಾನು ಮೊದಲೇ ಒಂದು ಮದುವೆಯಲ್ಲಿ ಕದ್ದು ನೋಡಿದ್ದೆ. ಮನಸ್ಸಿಗೆ ಬಂದಿದ್ದ. ಅದನ್ನು ಹೇಳುವ ಧೈರ್ಯವಿಲ್ಲದೆ ಇದ್ದಬದ್ದ ದೇವರಿಗೆಲ್ಲ ಕಾಯಿಯ ಹರಕೆ ಹೊತ್ತು ಬಾಗಿಲ ಹಿಂದೆ ನಿಂತಿದ್ದೆ. ಮಾಸ್ತರರೂ ಎಂದಿನಂತೆ ಬಂದಿದ್ದರು.

ಚಹಾ ತಂದವಳು ವೈನಿ, ನನ್ನ ಅಣ್ಣನ ಹೆಂಡತಿ. ಬೆಳಗಾವಿಯ ಹುಡುಗಿ, ನಮ್ಮ ಮನೆಗೆ ಬಂದು ತಿಂಗಳೂ ಆಗಿರಲಿಲ್ಲ; ಹೊರಗೆ ಚಹಾ ತಂದದ್ದು ಅಂದೇ ಮೊದಲು. ಅವಳ ತವರಿನಲ್ಲಿ ಕಪ್ಪು-ಬಸಿ ಎಂದರೆ ದೊಡ್ಡವರಿಗಷ್ಟೇ ತೆಗೆಯುವ ವಸ್ತು. ಇಷ್ಟು ಚೆಂದದ ಕಪ್ಪನ್ನು ಈ ಮಂದಿ ಹೊರಗೆ ಧೂಳು ತಿನ್ನಲು ಬಿಟ್ಟಿದ್ದಾರಲ್ಲ ಎಂದು ಮರುಗಿ, ಬೂದಿ ಹಚ್ಚಿ ತಿಕ್ಕಿ, ಗೌಡರಿಗೆ ಅದರಲ್ಲೇ ಚಹಾ ಕೊಟ್ಟಳು. ಅಜ್ಜನಿಗೂ ಮಾಸ್ತರರಿಗೂ ಹಿತ್ತಾಳೆಯ ಲೋಟ.

ಅಜ್ಜನಿಗೆ ಕಣ್ಣು ಕಾಣುತ್ತಿರಲಿಲ್ಲ, ಕಿವಿ ಮಾತ್ರ ಚುರುಕು. "ನಾವು ಶರಣರ ಮಂದಿ..." ಎಂದು ಸುರು ಮಾಡಿದ್ದ. ಅಷ್ಟರಲ್ಲಿ ಗೌಡರ ಕಡೆಯಿಂದ ಕಪ್ಪು ಬಸಿಗೆ ತಾಗಿ ಕಿಣ್ ಎಂದಿತು. ಇಡೀ ಮನೆಯಲ್ಲಿ ಆ ಸದ್ದು ಮಾಡುವ ಪಾತ್ರೆ ಒಂದೇ. ಅಜ್ಜನ ಮಾತು ಅಲ್ಲಿಗೇ ನಿಂತಿತು. ನಾನು ಬಾಗಿಲ ಸಂದಿಯಿಂದ ನೋಡಿದೆ. ನನ್ನ ಮದುವೆ ಮುರಿಯಿತು ಅಂದುಕೊಂಡೆ.

ಮಾಸ್ತರರು ರೂಢಿಯಂತೆ ತಮ್ಮ ಲೋಟ ಹಿಡಿದು ದೋಣಿಯ ಕಡೆ ಎದ್ದರು.

"ನೀವ್ಯಾಕ ತೊಳಿತೀರಿ ಮಾಸ್ತರ? ಇಡ್ರಿ ಅಲ್ಲೇ" ಎಂದಳು ವೈನಿ.

"ಹೌದಲ್ಲ, ಮಾಸ್ತರು ತೊಳಿಯೂದ್ಯಾಕ?" ಗೌಡರು ಕೇಳಿದರು.

ಮಾಸ್ತರರು ಅಜ್ಜನ ಕಡೆ ತಿರುಗಿದರು. "ಅದನ್ನ ಅಜ್ಜಾರು ಹೇಳಬೇಕ್ರಿ. ನಾ ಹೇಳಿದ್ರ ದೂರು ಆಗತೈತಿ."

ಅಜ್ಜ ಏನಾದರೊಂದು ಸುಳ್ಳು ಹೇಳಿ ಪಾರಾಗಬಹುದಿತ್ತು. ನಾನಂತೂ ಹೇಳಲಿ ಎಂದೇ ಬೇಡಿಕೊಳ್ಳುತ್ತಿದ್ದೆ. ಆತ ತಲೆಗೆ ಸುತ್ತಿದ ಪಟಗದ ಅಂಚಿನಿಂದ ಮುಖ ಒರೆಸಿಕೊಂಡ. "ಗೌಡ್ರ, ನಿಮ್ಮ ಕೈಯಾಗಿನ ಕಪ್ಪು ಮಾಸ್ತರದು. ಅದನ್ನ ಹೊರಗ ಇಡತೇವಿ. ಒಳಗ ತರೂದಿಲ್ಲ. ಅವರೇ ತೊಳದಿಟ್ಟು ಹೋಗತಾರ. ಈ ಹುಡುಗಿಗೆ ಗೊತ್ತಿದ್ದಿಲ್ಲ. ನನಗ ಗೊತ್ತಿತ್ತು."

ಗೌಡರು ಕಪ್ಪಿನೊಳಗೆ ನೋಡಿದರು. ಅರ್ಧ ಚಹಾ ಇನ್ನೂ ಇತ್ತು. ಅದನ್ನು ಕುಡಿದು ಮುಗಿಸಿ, ಮೀಸೆ ಒರೆಸಿಕೊಂಡು ಹೇಳಿದರು: "ನಮ್ಮನ್ಯಾಗೂ ಒಂದ ಐತ್ರಿ ಸಾವ್ಕಾರ್ರ. ನಮ್ಮ ಕಪ್ಪು ಹಿಡಿಕಿ ಮುರದದ್ದು."

ಅಜ್ಜ ಗೊಳ್ಳೆಂದು ನಕ್ಕ. ವೈನಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಬಾಗಿಲ ಹಿಂದೆ ನಾನೂ ನಕ್ಕೆ, ಮದುವೆ ಉಳಿಯಿತಲ್ಲ ಎಂದು. ಮಾಸ್ತರರು ಮಾತ್ರ ನಗಲಿಲ್ಲ.

"ನಗ್ರಿ, ಬ್ಯಾಡ ಅನ್ನೂದಿಲ್ಲ. ಆದ್ರ ನಾಳೆ ನಾ ಬಂದಾಗ ಆ ಕಪ್ಪು ಎಲ್ಲಿರತೈತಿ?"

ಅಜ್ಜ ಕೋಲಿನಿಂದ ನೆಲ ಕೆರೆಯುತ್ತ ಕೂತ. ಮಾಸ್ತರರು ಪೇಪರು ಮಡಚಿಟ್ಟು ಹೋದರು. ಮರುದಿನ ಬರಲಿಲ್ಲ, ಅದರ ಮರುದಿನವೂ ಬರಲಿಲ್ಲ. ಪೇಪರು ಓದುವ ಕೆಲಸ ನನಗೆ ಬಂತು. ನಾನು ಯುದ್ಧ ಬಿಟ್ಟು ಸೀರೆಯ ಜಾಹೀರಾತು ಓದುತ್ತಿದ್ದೆ. ಕೇಳುವಷ್ಟು ಕೇಳಿ ಅಜ್ಜ ಒಂದು ಸಂಜೆ ಕೋಲು ಹಿಡಿದು ಎದ್ದ. "ಕೈ ಹಿಡಿಯವಾ. ಮಾಸ್ತರ ಮನಿಗೆ ಹೋಗೂಣು."

ನಾನು ಆ ಕೇರಿಯೊಳಗೆ ಕಾಲಿಟ್ಟದ್ದು ಅದೇ ಮೊದಲು. ಮಾಸ್ತರರ ಮನೆ ನಮ್ಮದಕ್ಕಿಂತ ಸ್ವಚ್ಛವಾಗಿತ್ತು. ಅಜ್ಜ ಬಾಗಿಲಲ್ಲೇ, "ಉತ್ತರ ಹೇಳಾಕ ಬಂದೇನ್ರಿ ಮಾಸ್ತರ. ಮೊದಲ ಚಹಾ ಕೊಡ್ರಿ" ಎಂದ. ಮಾಸ್ತರರಿಗೆ ಮಾತು ಹೊರಡಲಿಲ್ಲ. ಅವರ ಹೆಂಡತಿಗೆ ಆ ತೊಂದರೆ ಇರಲಿಲ್ಲ.

"ಕುಡದು ಮನಿಗೆ ಹೋಗಿ ಜಳಕಾ ಮಾಡೂದಿದ್ರ ಮೊದಲ ಹೇಳ್ರಿ ಸಾವ್ಕಾರ್ರ. ಸಕ್ಕರಿ ಸಿಗೂದಿಲ್ಲ ಈಗ, ಹಾಳ ಮಾಡೂದಿಲ್ಲ ನಾ."

"ಮಾಡೂದಿಲ್ಲವಾ" ಎಂದ ಅಜ್ಜ.

ಅಜ್ಜ ಕುಡಿದ, ನಾನೂ ಕುಡಿದೆ. ಕುಡಿದು ಮುಗಿಸಿ ಅಜ್ಜ ಲೋಟ ಹಿಡಿದು ಎದ್ದು, ನೀರು ಎಲ್ಲಿದೆ ಎಂದು ತಡಕಾಡತೊಡಗಿದ. ಆಕೆ ಬಂದು ಲೋಟ ಇಸಿದುಕೊಂಡಳು. "ಇಡ್ರಿ. ನಮ್ಮನ್ಯಾಗ ಬಂದವರು ತೊಳಿಯೂದಿಲ್ಲ."

ದಾರಿಯುದ್ದಕ್ಕೂ ಅಜ್ಜ ಮಾತಾಡಲಿಲ್ಲ. ಮಾತಿನ ಮನುಷ್ಯ ಅಷ್ಟು ಸುಮ್ಮನಿದ್ದದ್ದನ್ನು ನಾನು ಮುಂದೆಂದೂ ಕಾಣಲಿಲ್ಲ. ಮರುದಿನ ಮಾಸ್ತರರು ಬಂದರು, ಒಳಗೆ ಪಡಸಾಲೆಯ ಜಮಖಾನೆಯ ಮೇಲೆ ಕೂತು ಓದಿದರು; ಹೊರಗಿನ ಕಪ್ಪೂ ಒಳಗಿನ ಪಾತ್ರೆಗಳ ಸಾಲಿಗೆ ಬಂತು. ಇದರಿಂದ ಊರು ಸುಧಾರಿಸಿತೆಂದು ತಿಳಿಯಬೇಡಿ. ನೆಂಟರಲ್ಲಿ ಕೆಲವರು ನಮ್ಮಲ್ಲಿ ನೀರು ಕುಡಿಯುವುದನ್ನೇ ಬಿಟ್ಟರು. ಚಹಾಪುಡಿ ಉಳಿಯಿತು ಎಂದ ಅಜ್ಜ. ನಾನು ಅಮ್ಮಿನಬಾವಿಗೆ ಸೊಸೆಯಾಗಿ ಹೋದೆ.

ನಾನು ಇಷ್ಟು ಹೇಳಿ ಮುಗಿಸುವಷ್ಟರಲ್ಲಿ ಇಂಜಿನಿಯರರ ಚಹಾ ಆರಿ ಹೋಗಿತ್ತು. ಸಿಟ್ಟಾದರೇನೋ ಎಂದುಕೊಂಡೆ. ಆದರೂ ಹೇಳಿದ್ದಕ್ಕೆ ಮನಸ್ಸು ಹಗುರಾಗಿತ್ತು. ಅವರು ಕೈಯಲ್ಲಿದ್ದ ಕಪ್ಪನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಖರೇ ಹೇಳಬೇಕಂದ್ರ ಅಮ್ಮಾರ," ಎಂದರು ಕೊನೆಗೆ, "ನಮ್ಮನ್ಯಾಗ ಕೆಲಸದಾಕಿಗೆ ಒಂದ ಸ್ಟೀಲ್ ಲೋಟ ಬ್ಯಾರೆ ಐತಿ. ಹಿತ್ತಲ ಕಿಡಕ್ಯಾಗ ಇಡತೇವಿ."

ಸೊಸೆ ಗಾಬರಿಯಿಂದ ಒಮ್ಮೆ ಅವರನ್ನು, ಒಮ್ಮೆ ನನ್ನನ್ನು ನೋಡಿದಳು.

"ಹೊಸದಾಗಿ ಚಹಾಕ್ಕ ಇಡವಾ," ಎಂದೆ. "ಈಗ ನಾವು ಖರೇ ಮಾತಾಡಾಕತ್ತೇವಿ."