ಮೀನಿನ ತೊಟ್ಟಿ ಮತ್ತು ಪದೇ ಪದೇ ಬೀಳುತ್ತಿದ್ದ ಸ್ವಿಚ್

ಬಾಗಿಲು ತೆರೆದೇ ಇತ್ತು. ಒಳಗೆ ಹೋದರೆ ನನ್ನ ಗೆಳತಿ ರೂಪಾ ಮೀನಿನ ತೊಟ್ಟಿಯ ಮುಂದೆ ಒದ್ದೆ ನೆಲದ ಮೇಲೆ ಬಿದ್ದಿದ್ದಳು. ಒಂದು ಕೈಯಲ್ಲಿ ನೆಲ ಒರೆಸುವ ಬಟ್ಟೆ, ಇನ್ನೊಂದು ಕೈ ತೊಟ್ಟಿಯ ಕೆಳಗಿನ ಕಪಾಟಿನೊಳಗೆ...

ಎತ್ತಲು ಓಡಿದೆ. ಅವಳ ಮಗಳು ತಾರಾ ಕಿರುಚಿದಳು, "ಆಂಟಿ, ಡೋಂಟ್ ಟಚ್ ಹರ್!" ಕರೆಂಟ್ ಹೊಡೆದವರನ್ನು ಮುಟ್ಟಬಾರದೆಂದು ಶಾಲೆಯಲ್ಲಿ ಹೇಳಿಕೊಟ್ಟಿದ್ದರಂತೆ. ಅವಳು ಕೂಗದಿದ್ದರೆ ಇದನ್ನು ಬರೆಯಲು ನಾನೂ ಇರುತ್ತಿರಲಿಲ್ಲ.

ಹೊರಗೋಡಿ ಮೀಟರ್ ಬಾಕ್ಸಿನಲ್ಲಿ ಮೇನ್ ಆಫ್ ಮಾಡಿದೆ. ಆಂಬುಲೆನ್ಸಿಗೆ ಫೋನ್ ಹಚ್ಚಿ, ಫೋನಿನಲ್ಲಿ ಅವರು ಎಣಿಸುತ್ತಿದ್ದ ಹಾಗೆ ರೂಪಾಳ ಎದೆ ಒತ್ತುತ್ತಾ ಕೂತೆ.

ಇದು ನಡೆದದ್ದು ಇಲ್ಲೇ, ಆಸ್ಟ್ರೇಲಿಯಾದ ಅಡಿಲೇಡ್‌ನ ಬ್ಲೇರ್ ಅಥಾಲ್ ಬಡಾವಣೆಯಲ್ಲಿ.

ರೂಪಾಳ ಗಂಡ ಸುಧೀರ್ ಎಂಜಿನಿಯರ್. ಇಲ್ಲಿನ ಬೇಸಿಗೆಗೆ ತೊಟ್ಟಿಯ ನೀರು ಬೇಗ ಆವಿಯಾಗುತ್ತದೆ ಎಂದು ಅವನೇ ಒಂದು ವ್ಯವಸ್ಥೆ ಮಾಡಿದ್ದ. ಒಂದು ಬಕೆಟ್ ನೀರು, ಸಣ್ಣ ಪಂಪು, ನೀರು ಇಳಿದಾಗ ಪಂಪು ಶುರು ಮಾಡುವ ಫ್ಲೋಟ್ ಸ್ವಿಚ್.

ಪಂಪು, ಎಕ್ಸ್‌ಟೆನ್ಷನ್ ಬೋರ್ಡು ಎರಡೂ ಮೈಸೂರಿನಿಂದ ಸಾರಿನ ಪುಡಿಯ ಜೊತೆ ಸೂಟ್‌ಕೇಸಿನಲ್ಲಿ ಬಂದವು. ಎರಡೇ ಪಿನ್. ಅರ್ಥಿಂಗ್ ಇಲ್ಲ.

ಹಾಕಿದ ದಿನದಿಂದ, ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಮನೆಯ ಸೇಫ್ಟಿ ಸ್ವಿಚ್ ಬೀಳುತ್ತಲೇ ಇತ್ತು. ವೈರಿನಗುಂಟ ನೀರು ಹನಿಹನಿಯಾಗಿ ಕೆಳಗಿನ ಕಪಾಟಿನಲ್ಲಿಟ್ಟ ಬೋರ್ಡಿನೊಳಗೆ ಇಳಿಯುತ್ತಿತ್ತು, ಅದಕ್ಕೇ. ಆದರೆ ಎಲ್ಲರಿಗೂ ಕಂಡದ್ದು ಫ್ರಿಜ್ ಆಫ್ ಆಗಿ ಹಾಲು ಒಡೆದದ್ದು ಮಾತ್ರ.

ಊರಲ್ಲಿ ಫ್ಯೂಸ್ ಹೋದರೆ ದಪ್ಪ ತಂತಿ ಕಟ್ಟಿ ಬೆಳೆದವರು ನಾವು. ಕರೆಂಟ್ ಹೋದರೆ ವಾಪಸ್ ತರಿಸುವುದು ಗೊತ್ತು. ಯಾಕೆ ಹೋಯಿತು ಎಂದು ಕೇಳುವ ಅಭ್ಯಾಸವಿಲ್ಲ.

ಸ್ವಿಚ್ ಬೀಳದಿರಲೆಂದು ಸುಧೀರ್ ಆ ಬೋರ್ಡಿಗೆ ಹಿತ್ತಲ ಶೆಡ್ಡಿನಿಂದ ಲೈನ್ ಎಳೆದ. ಹಳೆಯ ಮನೆ, ಶೆಡ್ಡಿನ ಲೈನಿಗೆ ಸೇಫ್ಟಿ ಸ್ವಿಚ್ಚೇ ಇರಲಿಲ್ಲ.

ಆ ಮಧ್ಯಾಹ್ನ ಫ್ಲೋಟ್ ಎಲ್ಲೋ ಸಿಕ್ಕಿಹಾಕಿಕೊಂಡು ನೀರು ಉಕ್ಕಿ ಹರಿದಿದೆ. ನಮ್ಮೆಲ್ಲರ ಹಾಗೆ ರೂಪಾ ಮನೆಯೊಳಗೆ ಬರಿಗಾಲು. ಒರೆಸುತ್ತಾ, ಪಾಪ, ಬೋರ್ಡು ನೆನೆಯುತ್ತದೆಂದು ಎತ್ತಿಡಲು ಕೈ ಹಾಕಿದ್ದಾಳೆ.

ಆಂಬುಲೆನ್ಸ್ ಬೇಗನೇ ಬಂತು. ರೂಪಾ ಉಳಿಯಲಿಲ್ಲ.

ಆಸ್ಪತ್ರೆಯಲ್ಲಿ ಸುಧೀರ್ ನನ್ನ ಕೈ ಹಿಡಿದು ಒಂದೇ ಮಾತು ಹೇಳುತ್ತಿದ್ದ. "ಆಮೇಲೆ ಬೀಳ್ತಾನೇ ಇರ್ಲಿಲ್ಲ... ಸರಿ ಹೋಯ್ತು ಅಂದ್ಕೊಂಡ್ಬಿಟ್ಟೆ."

ನಮ್ಮ ವಾಟ್ಸಾಪ್ ಗುಂಪಿನಲ್ಲಿ ಹಣೆಬರಹ, ಯಾರು ತಪ್ಪಿಸೋಕಾಗತ್ತೆ ಎಂದು ಬರೆದವರಿದ್ದಾರೆ. ಓದಿ ಮೈಯೆಲ್ಲ ಉರಿಯಿತು. ಬೋರ್ಡನ್ನು ಗೋಡೆಗೆ ಎತ್ತರದಲ್ಲಿ ಹಾಕಿ, ವೈರನ್ನು ಅದಕ್ಕಿಂತ ಕೆಳಕ್ಕೆ ಇಳಿಬಿಟ್ಟು ಮತ್ತೆ ಮೇಲೆ ತಂದಿದ್ದರೆ ಹನಿ ಬೋರ್ಡಿಗೆ ಹೋಗದೆ ನೆಲಕ್ಕೆ ಬೀಳುತ್ತಿತ್ತು. ಒಬ್ಬ ಎಲೆಕ್ಟ್ರಿಷಿಯನ್ನನ್ನು ಕರೆಸಿದ್ದರೂ ಸಾಕಿತ್ತು. ಇದರಲ್ಲಿ ಹಣೆಬರಹ ಎಲ್ಲಿ ಬಂತು?

ತಾರಾ ಈಗ ಯಾವ ಸ್ವಿಚ್ಚನ್ನೂ ಮುಟ್ಟುವುದಿಲ್ಲ. ನಿನ್ನೆ ನಮ್ಮ ಮನೆಗೆ ಬಂದವಳು ಮೆಲ್ಲಗೆ ಕೇಳಿದಳು, "ಆಂಟಿ, ವೆನ್ ಇಟ್ ಕೆಪ್ಟ್ ಟರ್ನಿಂಗ್ ಆಫ್, ವಾಸ್ ಮಮ್ ಸೇಫ್?"

ಹೌದು ಪುಟ್ಟಾ ಎಂದೆ.

ನಿಮ್ಮ ಮನೆಯ ಸ್ವಿಚ್ ಪದೇ ಪದೇ ಬಿದ್ದರೆ ನೀವು ಕಾರಣ ಹುಡುಕುತ್ತೀರಾ, ಬೇರೆ ಪ್ಲಗ್ ಹುಡುಕುತ್ತೀರಾ?